ಇಪ್ಪತ್ತೆರಡು ಅಕ್ಷರಗಳ ಕಾರುಬಾರು: ಮೈಕ್ರೋ ಆರ್‌ಎನ್‌ಎ ಮತ್ತು ಕ್ಯಾನ್ಸರ್

2024ರ ವೈದ್ಯಕೀಯ ನೊಬೆಲ್ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಬಂದ ಮೇಲೆ ಮೈಕ್ರೋ ಆರ್‌ಎನ್‌ಎ (ಸುಮಾರು 22 ಅಕ್ಷರದ, ಅಂದರೆ 22 ನ್ಯೂಕ್ಲಿಯೊಟೈಡಿನ, ಪುಟ್ಟ ಆರ್‌ಎನ್‌ಎ ತುಣುಕು) ಎಂಬ ಹೆಸರು ಕಾಲೇಜಿನ ತರಗತಿಯಿಂದ ವಾಟ್ಸಾಪ್ ಗುಂಪಿನವರೆಗೂ ಹಬ್ಬಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂದು ಪಿಯುಸಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಈ ಸಾಲಿನಲ್ಲಿ ಮೈಕ್ರೋ ಆರ್‌ಎನ್‌ಎ ಎಲ್ಲಿ ಬರುತ್ತದೆ? ಪ್ರೋಟೀನನ್ನೇ ಮಾಡದ ತುಣುಕಿನಿಂದ ಕ್ಯಾನ್ಸರ್ ಹೇಗೆ ಆದೀತು?
– ಜೀವಶಾಸ್ತ್ರ ಉಪನ್ಯಾಸಕರು, ಬಾಗಲಕೋಟೆ

ಉತ್ತರ: ಎರಡನೆಯ ಬಾಣದ ಮೇಲೆ, ಅಂದರೆ ಆರ್‌ಎನ್‌ಎಯಿಂದ ಪ್ರೋಟೀನಿಗೆ ಹೋಗುವ ದಾರಿಯಲ್ಲಿ. ಪ್ರೋಟೀನಿನ ಸಂದೇಶ ಹೊತ್ತ ಎಂ-ಆರ್‌ಎನ್‌ಎ ಸಿದ್ಧವಾಗಿ ನಿಂತಿದೆ, ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟಬೇಕು. ಎಷ್ಟು ಕಟ್ಟಬೇಕು ಎಂಬಲ್ಲಿ ಮೈಕ್ರೋ ಆರ್‌ಎನ್‌ಎ ಕೈಯಾಡಿಸುತ್ತದೆ. ಕಾಲುವೆಯ ನೀರಗಂಟಿ ತೂಬನ್ನು ಪೂರ್ತಿ ಮುಚ್ಚುವುದು ಅಪರೂಪ, ಒಂದಿಷ್ಟು ಇಳಿಸುತ್ತಾನೆ, ಒಂದಿಷ್ಟು ಎತ್ತುತ್ತಾನೆ. ಇದರ ಕೆಲಸವೂ ಅಷ್ಟೇ. ಒಂದು ಗುರಿ ಪ್ರೋಟೀನಿನ ಪ್ರಮಾಣ ಇದರಿಂದ ಅರ್ಧಕ್ಕಿಂತ ಕೆಳಗೆ ಇಳಿಯುವುದೇ ಕಡಿಮೆ. ಆದರೆ ಒಂದೊಂದಕ್ಕೂ ನೂರಾರು ಗುರಿಗಳಿವೆ. ಸಣ್ಣ ಸಣ್ಣ ಏರಿಳಿತ ನೂರು ಕಡೆ ಒಟ್ಟಿಗೆ ಆದಾಗ ಕೋಶದ ನಡತೆ ಬದಲಾಗುತ್ತದೆ.

ತಯಾರಾಗುವ ಬಗೆ ಹೀಗೆ. ನ್ಯೂಕ್ಲಿಯಸ್ಸಿನೊಳಗೆ ಆರ್‌ಎನ್‌ಎ ಪಾಲಿಮರೇಸ್-2 ಉದ್ದನೆಯ ಎಳೆಯೊಂದನ್ನು ನಕಲು ಮಾಡುತ್ತದೆ. ಆ ಎಳೆ ಒಂದು ಕಡೆ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಗಿರುತ್ತದೆ. ಡ್ರೋಷಾ ಎಂಬ ಕಿಣ್ವ, ಡಿಜಿಸಿಆರ್-8 ಎಂಬ ಜೊತೆಗಾರ ಪ್ರೋಟೀನಿನ ನೆರವಿನಿಂದ, ಹೇರ್‌ಪಿನ್ನಿನ ಬುಡಕ್ಕೆ ಕತ್ತರಿ ಹಾಕುತ್ತದೆ. ಉಳಿಯುವುದು ಸುಮಾರು 70 ಅಕ್ಷರದ ತುಂಡು. ಎಕ್ಸ್‌ಪೋರ್ಟಿನ್-5 ಅದನ್ನು ನ್ಯೂಕ್ಲಿಯಸ್ಸಿನ ಹೊರಗೆ ಸಾಗಿಸುತ್ತದೆ. ಹೊರಗೆ ಡೈಸರ್ ಎಂಬ ಇನ್ನೊಂದು ಕಿಣ್ವ ಹೇರ್‌ಪಿನ್ನಿನ ಬಾಗಿದ ತಲೆಯನ್ನು ಕತ್ತರಿಸುತ್ತದೆ. ಸುಮಾರು 22 ಅಕ್ಷರದ ಜೋಡಿ ಎಳೆ ಸಿಗುತ್ತದೆ. ಅದರಲ್ಲಿ ಒಂದೆಳೆ ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಕೂರುತ್ತದೆ, ಇನ್ನೊಂದು ಹೆಚ್ಚಾಗಿ ಹಾಳಾಗುತ್ತದೆ. ಹೀಗೆ ಕೂತ ಎಳೆಯ 2ರಿಂದ 8ನೆಯ ಅಕ್ಷರದವರೆಗಿನ ಭಾಗಕ್ಕೆ ಸೀಡ್ ಎನ್ನುತ್ತಾರೆ. ಎಂ-ಆರ್‌ಎನ್‌ಎಯ ಬಾಲದಲ್ಲಿ, ಪ್ರೋಟೀನ್ ಸಂಕೇತ ಮುಗಿದ ಮೇಲಿನ ಯುಟಿಆರ್ ಭಾಗದಲ್ಲಿ, ಈ ಏಳು ಅಕ್ಷರಕ್ಕೆ ಜೋಡಿ ಸಿಕ್ಕರೆ ಅಲ್ಲಿ ಕಚ್ಚಿಕೊಳ್ಳುತ್ತದೆ. ಆ ಎಂ-ಆರ್‌ಎನ್‌ಎ ಬೇಗ ಕರಗುತ್ತದೆ, ಇಲ್ಲವೇ ಅದರ ಓದು ನಿಧಾನವಾಗುತ್ತದೆ.

ಮಕ್ಕಳಿಗೆ ಬೋರ್ಡಿನ ಮೇಲೆ ತೋರಿಸಲು ಲೆಟ್-7 ಎಂಬ ಮೈಕ್ರೋ ಆರ್‌ಎನ್‌ಎ ಒಳ್ಳೆಯ ಉದಾಹರಣೆ. ಅದರ ಸೀಡ್ ಜಿ-ಎ-ಜಿ-ಜಿ-ಯು-ಎ-ಜಿ. ಹಿಂದುಮುಂದಾಗಿ ಜೋಡಿ ಬರೆಯಲು ಹೇಳಿ: ಸಿ-ಯು-ಎ-ಸಿ-ಸಿ-ಯು-ಸಿ. ಈ ಏಳು ಅಕ್ಷರ ಬಾಲದಲ್ಲಿರುವ ಎಂ-ಆರ್‌ಎನ್‌ಎಗಳನ್ನೇ ಕಂಪ್ಯೂಟರ್ ತಂತ್ರಾಂಶಗಳು ಲೆಟ್-7ರ ಸಂಭವನೀಯ ಗುರಿ ಎಂದು ಪಟ್ಟಿ ಮಾಡುವುದು. ಕೋಶ ವಿಭಜನೆಗೆ ಒತ್ತಾಸೆ ಕೊಡುವ ರಾಸ್ ಜೀನುಗಳೂ ಲೆಟ್-7ರ ಗುರಿಗಳೆಂದು 2005ರಲ್ಲಿ ಪ್ರಯೋಗದಿಂದ ತೋರಿಸಲಾಯಿತು.

ಇನ್ನು ಕ್ಯಾನ್ಸರ್. ಹಾದಿಗಳು ಹಲವು. ಮೈಕ್ರೋ ಆರ್‌ಎನ್‌ಎಯ ಜೀನ್ ಇರುವ ಕ್ರೋಮೋಸೋಮ್ ತುಂಡೇ ಕಳೆದುಹೋಗಬಹುದು, ಅಥವಾ ನಾಲ್ಕಾರು ಪ್ರತಿ ಹೆಚ್ಚಾಗಬಹುದು. ಜೀನ್ ಇದ್ದೂ ಮೀಥೈಲ್ ಗುಂಪುಗಳು ಅಂಟಿ ಬಾಯಿ ಮುಚ್ಚಿಕೊಂಡಿರಬಹುದು. ಕ್ಯಾನ್ಸರ್ ತಡೆಯುವ ಪಿ-53 ಪ್ರೋಟೀನ್ ಕೆಟ್ಟಿದ್ದರೆ ಅದು ಚಾಲೂ ಮಾಡಬೇಕಾದ ಮಿರ್-34 ಕುಟುಂಬದ (ಮಿರ್ ಎಂದರೆ ಮೈಕ್ರೋ ಆರ್‌ಎನ್‌ಎ) ಪ್ರಮಾಣ ಬೀಳುತ್ತದೆ. ಡೈಸರ್ ಕಿಣ್ವಕ್ಕೇ ಪೆಟ್ಟು ಬೀಳಬಹುದು. ಇವೆಲ್ಲಕ್ಕಿಂತ ಜಾಣತನದ್ದು ಇನ್ನೊಂದಿದೆ: ಮೈಕ್ರೋ ಆರ್‌ಎನ್‌ಎ ಸರಿಯಾಗೇ ಇರುತ್ತದೆ, ಕ್ಯಾನ್ಸರ್ ಕೋಶ ತನ್ನ ಎಂ-ಆರ್‌ಎನ್‌ಎಯ ಬಾಲವನ್ನೇ ಮೊಟಕು ಮಾಡಿಕೊಳ್ಳುತ್ತದೆ. ಕಚ್ಚಲು ಜಾಗವೇ ಇಲ್ಲ. 

ಪ್ರಶ್ನೆ: ಮಿರ್-21, ಮಿರ್-155 ಇವು ಕ್ಯಾನ್ಸರ್ ಬೆಳೆಸುವವು, ಲೆಟ್-7, ಮಿರ್-15, ಮಿರ್-16, ಮಿರ್-34 ತಡೆಯುವವು ಎಂದು ನೋಟ್ಸ್‌ನಲ್ಲಿದೆ. ಒಂದೊಂದು ಲೇಖನ ಒಂದೊಂದು ಹೇಳುತ್ತದೆ. ಯಾವುದನ್ನು ನಂಬಬೇಕು?
– ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಪರೀಕ್ಷೆಗೆ ಆ ಪಟ್ಟಿ ಸಾಕು. ಅರ್ಥ ಮಾಡಿಕೊಳ್ಳಲು ಸಾಲದು.

ಪಟ್ಟಿಯ ಮೊದಲ ಸಾಕ್ಷ್ಯ ಬಲವಾದದ್ದು. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿನಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳ 13ನೆಯ ಕ್ರೋಮೋಸೋಮಿನ ಒಂದು ಚೂರು, 13ಕ್ಯೂ-14 ಎಂಬ ಜಾಗ, ಕಾಣೆಯಾಗಿರುತ್ತದೆ. ಅಲ್ಲೊಂದು ಕ್ಯಾನ್ಸರ್ ತಡೆಯುವ ಜೀನ್ ಇರಲೇಬೇಕೆಂದು ಪ್ರೋಟೀನ್ ಜೀನುಗಳನ್ನು ಜಾಲಾಡಿದ್ದಾಯಿತು, ಸಿಗಲಿಲ್ಲ. 2002ರಲ್ಲಿ ಕಾರ್ಲೊ ಕ್ರೋಚೆ ಅವರ ತಂಡದಲ್ಲಿ ಜಾರ್ಜ್ ಕ್ಯಾಲಿನ್ ಮತ್ತಿತರರು ಅಲ್ಲಿ ಮಿರ್-15ಎ ಮತ್ತು ಮಿರ್-16-1 ಕೂತಿರುವುದನ್ನು ತೋರಿಸಿದರು. ಕ್ಯಾನ್ಸರಿಗೂ ಮೈಕ್ರೋ ಆರ್‌ಎನ್‌ಎಗೂ ನಂಟು ಸಿಕ್ಕಿದ್ದು ಅಲ್ಲಿಯೇ ಮೊದಲು. ಈ ಎರಡೂ ಬಿಸಿಎಲ್-2 ಎಂಬ ಪ್ರೋಟೀನನ್ನು ತಗ್ಗಿಸುತ್ತವೆ ಎಂಬುದು 2005ರಲ್ಲಿ ಗೊತ್ತಾಯಿತು. ಬಿಸಿಎಲ್-2 ಕೋಶವನ್ನು ಸಾಯಲು ಬಿಡದ ಪ್ರೋಟೀನ್. ತಗ್ಗಿಸುವವರು ಹೋದರೆ ಅದು ಏರುತ್ತದೆ, ಸಾಯಬೇಕಾದ ಬಿ-ಕೋಶ (ಬಿಳಿ ರಕ್ತಕಣದ ಒಂದು ಬಗೆ) ಉಳಿದು ರಾಶಿಯಾಗುತ್ತದೆ. ಸರಪಳಿಯ ಪ್ರತಿ ಕೊಂಡಿಯೂ ಇಲ್ಲಿ ಕೈಗೆ ಸಿಗುತ್ತದೆ. ಎದುರು ಬದಿಯಲ್ಲಿ ಮಿರ್-17-92 ಗುಂಪಿದೆ: ಲಿಂಫೋಮಾಗಳಲ್ಲಿ (ದುಗ್ಧಕೋಶಗಳ ಕ್ಯಾನ್ಸರ್) ಅದರ ಪ್ರತಿಗಳು ಹೆಚ್ಚಾಗಿರುತ್ತವೆ, ಇಲಿಗಳಲ್ಲಿ ಅದನ್ನು ಏರಿಸಿದರೆ ಲಿಂಫೋಮಾ ಬೇಗ ಬರುತ್ತದೆ. ಮಿರ್-21ಕ್ಕೆ ಇನ್ನೂ ಚೊಕ್ಕ ಪ್ರಯೋಗವಿದೆ. 2010ರಲ್ಲಿ ಇಲಿಗಳಲ್ಲಿ ಅದನ್ನು ಬೇಕೆಂದಾಗ ಚಾಲೂ ಮಾಡಿ ಬೇಡವೆಂದಾಗ ಆರಿಸುವಂತೆ ಮಾಡಿದರು. ಚಾಲೂ ಮಾಡಿದಾಗ ಲಿಂಫೋಮಾ ಬಂತು, ಆರಿಸಿದಾಗ ಗಡ್ಡೆ ಕರಗಿತು.

ಈಗ ಗೊಂದಲಕ್ಕೆ ಬರೋಣ. ಒಂದನೆಯ ಕಾರಣ, ಗುರಿಗಳ ಪಟ್ಟಿ ಅಂಗಾಂಶದಿಂದ ಅಂಗಾಂಶಕ್ಕೆ ಬದಲಾಗುತ್ತದೆ. ಮಿರ್-125ಬಿ ಕೆಲವು ರಕ್ತದ ಕ್ಯಾನ್ಸರ್‌ಗಳನ್ನು ಬೆಳೆಸುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಹಲವು ಬಾರಿ ಅದೇ ಕಡಿಮೆಯಾಗಿರುತ್ತದೆ. ಮಿರ್-200 ಕುಟುಂಬ ಝೆಬ್-1, ಝೆಬ್-2 ಪ್ರೋಟೀನುಗಳನ್ನು ತಗ್ಗಿಸಿ ಅಂಗಗಳ ಮೇಲ್ಮೈಯ ಹೊದಿಕೆ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವಂತೆ ನೋಡಿಕೊಳ್ಳುತ್ತದೆ. ಅದು ಕುಸಿದರೆ ಕೋಶ ಬಿಡಿಸಿಕೊಂಡು ಹೊರಡುತ್ತದೆ. ಆದರೆ ದೂರದ ಅಂಗಕ್ಕೆ ಹೋಗಿ ಅಲ್ಲಿ ನೆಲೆ ಊರಲು ಮತ್ತೆ ಅದೇ ಮಿರ್-200 ನೆರವಾಗುವುದು ಇಲಿಗಳಲ್ಲಿ ಕಂಡಿದೆ.

ಎರಡನೆಯ ಕಾರಣ ಹೆಚ್ಚು ಮುಖ್ಯ, ಹೆಚ್ಚು ಜನ ಎಡವಿದ್ದೂ ಇಲ್ಲೇ. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಮಿರ್-143, ಮಿರ್-145 ಕಡಿಮೆ ಎಂದು ಎಷ್ಟೋ ವರದಿಗಳು ಬಂದವು. ಹಾಗಾದರೆ ಇವು ಹೊದಿಕೆ ಕೋಶದಲ್ಲಿದ್ದು ಕ್ಯಾನ್ಸರ್ ತಡೆಯುತ್ತವೆ ಎಂದು ತೀರ್ಮಾನಿಸಿದರು. 2014ರಲ್ಲಿ ಕೋಶದ ಬಗೆಗಳನ್ನು ಬೇರೆ ಬೇರೆ ಮಾಡಿ ನೋಡಿದಾಗ ಇವು ಹೊದಿಕೆ ಕೋಶದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಸುತ್ತಲಿನ ಸ್ನಾಯು ಮತ್ತು ಆಧಾರ ಅಂಗಾಂಶದಲ್ಲಿವೆ ಎಂದು ತಿಳಿಯಿತು. ಆರೋಗ್ಯವಂತ ಕರುಳಿನ ತುಂಡಿನಲ್ಲಿ ಸ್ನಾಯು ಹೆಚ್ಚು, ಗಡ್ಡೆಯ ತುಂಡಿನಲ್ಲಿ ಹೊದಿಕೆ ಕೋಶ ಹೆಚ್ಚು. ಅಂದರೆ ಇಳಿದದ್ದು ಮೈಕ್ರೋ ಆರ್‌ಎನ್‌ಎ ಅಲ್ಲ, ತುಂಡಿನಲ್ಲಿ ಸ್ನಾಯುವಿನ ಪಾಲು. ಮಿರ್-21ರದ್ದು ಇದರ ತಿರುವು. ಕರುಳಿನ ಗಡ್ಡೆಯಲ್ಲಿ ಅದು ಹೆಚ್ಚಾಗಿ ಕಾಣುವುದು ಕ್ಯಾನ್ಸರ್ ಕೋಶದಲ್ಲಲ್ಲ, ನಡುವಿನ ಆಧಾರ ಅಂಗಾಂಶದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ.

ಹಾಗಾಗಿ ಲೇಖನ ಓದುವಾಗ ಮೂರು ವಿಷಯ ಕೇಳಿಕೊಳ್ಳಿ. ಇಡೀ ತುಂಡನ್ನು ಅರೆದು ಅಳೆದರೋ, ಕೋಶ ನೋಡಿ ಅಳೆದರೋ? ಗುರಿಯ ಬಾಲದ ಏಳು ಅಕ್ಷರಗಳನ್ನು ಕೆಡಿಸಿದಾಗ ಪರಿಣಾಮ ನಿಂತಿತೋ? ಕೋಶದಲ್ಲಿ ಸಹಜವಾಗಿ ಇರುವಷ್ಟೇ ಮೈಕ್ರೋ ಆರ್‌ಎನ್‌ಎ ಇಟ್ಟರೋ, ಸಾವಿರ ಪಟ್ಟು ಸುರಿದರೋ? ಸಾವಿರ ಪಟ್ಟು ಸುರಿದರೆ ಯಾವ ಮೈಕ್ರೋ ಆರ್‌ಎನ್‌ಎ ಬೇಕಾದರೂ ಏನೋ ಒಂದು ಮಾಡುತ್ತದೆ.

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಅಪ್ಪಗ ಗಲ್ಲದ ಕ್ಯಾನ್ಸರ್ ಆಗಿ ಆಪರೇಶನ್ ಆಗೇತಿ. ಭಾಳ ವರ್ಷ ತಂಬಾಕ ತಿಂದಾರ. ನಾನೂ ಗುಟ್ಕಾ ತಿಂತಿದ್ದೆ, ಈಗ ಬಿಟ್ಟೇನಿ. ಮೈಕ್ರೋ ಆರ್‌ಎನ್‌ಎ ಕೆಟ್ಟಿದ್ರ ಮಕ್ಕಳಿಗೂ ಬರತೈತಿ, ರಕ್ತಾ ಟೆಸ್ಟ್ ಮಾಡಸ್ರಿ ಅಂತ ಒಬ್ಬರು ಅಂದ್ರು. ಖರೇನ್ರಿ?
– ನಿಪ್ಪಾಣಿ

ಉತ್ತರ: ಖರೆ ಅಲ್ಲ. ಬಿಟ್ಟದ್ದು ಬಹಳ ಒಳ್ಳೆಯದಾಯಿತು.

ತಂದೆಯವರ ಗಡ್ಡೆಯಲ್ಲಿ ಮೈಕ್ರೋ ಆರ್‌ಎನ್‌ಎಗಳ ಪ್ರಮಾಣ ಏರುಪೇರಾಗಿರುವುದು ನಿಜವಿರಬಹುದು. ಬಾಯಿಯ ಕ್ಯಾನ್ಸರಿನಲ್ಲಿ ಮಿರ್-21, ಮಿರ್-31 ಹೆಚ್ಚಾಗಿರುವುದು ಹಲವು ದೇಶಗಳಲ್ಲಿ ಕಂಡಿದೆ. ಆದರೆ ಆ ಏರುಪೇರು ಬಾಯಿಯ ಆ ಕೋಶಗಳಲ್ಲಿ ಆದದ್ದು. ವೀರ್ಯಾಣುವಿನಲ್ಲಿ ಇಳಿದು ಮಕ್ಕಳಿಗೆ ಬರುವಂಥದ್ದಲ್ಲ. ಮನೆಯಲ್ಲಿ ತಂದೆಯಿಂದ ಮಗನಿಗೆ ದಾಟುವುದು ಹೆಚ್ಚಾಗಿ ಚಟ. ತಂಬಾಕಿನ ಎನ್‌ಎನ್‌ಎನ್, ಎನ್‌ಎನ್‌ಕೆ ಎಂಬ ನೈಟ್ರೋಸಮೀನುಗಳು ಡಿಎನ್‌ಎಗೆ ಅಂಟಿ ಅದನ್ನು ಕೆಡಿಸುತ್ತವೆ. ಅಡಿಕೆಯೂ ಸಾಚಾ ಅಲ್ಲ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವಾದ ಐಎಆರ್‌ಸಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದು ರೂಢಿಗೆ ಬಂತು. ಬಾಯಿಗೆ ಬೀಳುವ ವಿಷ ಅದೇ. ತಂಬಾಕು ಬಿಟ್ಟು ಬರೀ ಮಸಾಲಾ ತಿನ್ನುತ್ತೇನೆ ಎನ್ನುವವರಿಗೆ ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರಬಹುದು. ಅದು ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ.

ನೀವು ಮಾಡಬೇಕಾದ ಟೆಸ್ಟಿಗೆ ಕನ್ನಡಿ ಮತ್ತು ಬ್ಯಾಟರಿ ಸಾಕು. ತಿಂಗಳಿಗೊಮ್ಮೆ ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸಿ, ಬೆಳಕು ಬಿಟ್ಟು ನೋಡಿ. ಕೆಳತುಟಿ ಮಡಚಿ ಒಳಭಾಗ, ಎರಡೂ ಗಲ್ಲದ ಒಳಭಾಗ ಕೊನೆಯ ಹಲ್ಲಿನ ಹಿಂದಿನವರೆಗೆ, ನಾಲಿಗೆ ಹೊರಚಾಚಿ ಎರಡೂ ಅಂಚು, ನಾಲಿಗೆ ಎತ್ತಿ ಅದರ ಕೆಳಗೆ, ಆಮೇಲೆ ಬಾಯಿಯ ಮೇಲ್ಭಾಗದ ಅಂಗುಳ. ಮೊದಲು ಗುಟ್ಕಾ ಒತ್ತಿಟ್ಟುಕೊಳ್ಳುತ್ತಿದ್ದ ಜಾಗವನ್ನು ಬೆರಳಿನಿಂದ ಸವರಿ, ಗಟ್ಟಿ ಹತ್ತುತ್ತದೆಯೇ ನೋಡಿ. ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸಬೇಕು. ಒರೆಸಿದರೆ ಹೋಗದ ಬಿಳಿ ಕಲೆ, ಮಖಮಲ್ಲಿನಂಥ ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಾಳದಂತಾಗುವುದು, ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಕೊರಳಲ್ಲಿ ಗಂಟು, ಬೆರಳು ಮೂರರ ಬದಲು ಎರಡೇ ಹಿಡಿಸುವುದು – ಇವುಗಳಲ್ಲಿ ಒಂದಿದ್ದರೂ ದಂತವೈದ್ಯರು ಅಥವಾ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ. ಕೆಂಪು ಕಲೆ ಬಿಳಿಗಿಂತ ಹೆಚ್ಚು ಅಪಾಯದ್ದು. ನೋವಿಲ್ಲ ಎಂದು ಬಿಡಬೇಡಿ, ಶುರುವಿನಲ್ಲಿ ಬಹಳ ಸಲ ನೋವು ಇರುವುದಿಲ್ಲ. ಅವರು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತೀರ್ಪು ಕೊಡುವುದು ಅದೊಂದೇ. ಚೂರು ತೆಗೆದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ಒಂದು ಹನಿ ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ನೋಡಿ ಎಲ್ಲ ಕ್ಯಾನ್ಸರನ್ನೂ ಮೊದಲೇ ಹೇಳುತ್ತೇವೆ, 90 ಶೇಕಡಾ ನಿಖರ ಎಂದು ಕರಪತ್ರ ಹಂಚಿದ್ದಾರೆ. ಮನೆಯವರೆಲ್ಲ ಮಾಡಿಸಿದರೆ ರಿಯಾಯಿತಿ ಅಂತೆ. ಮಾಡಿಸಬಹುದೇ?
– ನಿವೃತ್ತ ಶಿಕ್ಷಕರು, ಗೋಕಾಕ

ಉತ್ತರ: ಬೇಡ. ಲೆಕ್ಕ ಮಾಡಿ ನೋಡಿ. ರೋಗವಿದ್ದ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ರೋಗವಿಲ್ಲದ 100 ಜನರಲ್ಲಿ 90 ಜನರಿಗೆ ಇಲ್ಲ ಎನ್ನುತ್ತದೆ ಎಂದು ಕರಪತ್ರದ ಮಾತನ್ನೇ ಒಪ್ಪೋಣ. 1,000 ಜನ ಮಾಡಿಸಿದರು, ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು 5 ಜನ ಎಂದು ಇಟ್ಟುಕೊಳ್ಳಿ. ಐವರಲ್ಲಿ ನಾಲ್ಕೈದು ಜನ ಸಿಗುತ್ತಾರೆ. ಉಳಿದ 995 ಜನರಲ್ಲಿ ಹತ್ತರಲ್ಲೊಬ್ಬರಿಗೆ, ಅಂದರೆ ಸುಮಾರು 100 ಜನರಿಗೆ, ಇಲ್ಲದ ಕ್ಯಾನ್ಸರ್ ಇದೆ ಎಂದು ಬರುತ್ತದೆ. ಪಾಸಿಟಿವ್ ಬಂದ ನೂರಾನಾಲ್ಕು ಜನರಲ್ಲಿ ನೂರು ಜನ ಸುಮ್ಮನೆ ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ ಅಂತ ಅಲೆಯಬೇಕು. ಕ್ಯಾನ್ಸರ್ ಎಲ್ಲಿದೆ ಎಂದು ಆ ಕಾಗದ ಹೇಳದಿದ್ದರೆ ಅಲೆದಾಟಕ್ಕೆ ಕೊನೆಯೂ ಇಲ್ಲ. ಇನ್ನೊಂದು ಮಾತು: 90 ಎಂಬ ಅಂಕಿ ಬಹಳ ಸಲ ಬರುವುದು ದೊಡ್ಡ ಗಡ್ಡೆ ಇರುವ ರೋಗಿಗಳನ್ನೂ ಗಟ್ಟಿಮುಟ್ಟಾದ ಯುವಕರನ್ನೂ ಹೋಲಿಸಿದಾಗ. ಬೇಕಾದದ್ದು ಸಣ್ಣ ಗಡ್ಡೆ ಇರುವವರನ್ನು ಅದೇ ವಯಸ್ಸಿನ, ಸಕ್ಕರೆ ಕಾಯಿಲೆ, ಸಂಧಿವಾತ ಇರುವವರಿಂದ ಬೇರೆ ಮಾಡುವುದು. ಉರಿಯೂತ ಇದ್ದರೂ ಮಿರ್-21, ಮಿರ್-155 ಏರುತ್ತವೆ.

ರಕ್ತದ ಮೈಕ್ರೋ ಆರ್‌ಎನ್‌ಎಯಲ್ಲಿ ನಿಜಕ್ಕೂ ಗಟ್ಟಿ ನೆಲ ಸಿಕ್ಕಿರುವ ಜಾಗ ಒಂದಿದೆ: ವೃಷಣದ ಜರ್ಮ್ ಸೆಲ್ ಗಡ್ಡೆಗಳು, ಅಂದರೆ ವೀರ್ಯಾಣು ಹುಟ್ಟಿಸುವ ಮೂಲಕೋಶಗಳ ಗಡ್ಡೆಗಳು. ಮಿರ್-371ಎ ಎಂಬುದು ವಯಸ್ಕ ಗಂಡಸಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಆ ಗಡ್ಡೆ ಇದ್ದರೆ ಕಾಣಿಸಿಕೊಳ್ಳುತ್ತದೆ. ಹಳೆಯ ಗುರುತುಗಳಾದ ಎಎಫ್‌ಪಿ, ಎಚ್‌ಸಿಜಿಗಿಂತ ಹೆಚ್ಚು ರೋಗಿಗಳಲ್ಲಿ ಅದು ಸಿಗುತ್ತದೆ. ಅಲ್ಲಿಯೂ ಟೆರಟೋಮ ಎಂಬ ಬಗೆ ಅದರ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಕ್ಯಾನ್ಸರ್ ಹಿಡಿಯುತ್ತೇವೆ ಎನ್ನುವವರು ಒಂದರಲ್ಲೇ ಇಷ್ಟು ಮಿತಿ ಇರುವುದನ್ನು ಹೇಳುವುದಿಲ್ಲ.

30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆಯುವ ಕಾರ್ಯಕ್ರಮದಲ್ಲಿದೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ರಿಯಾಯಿತಿಯ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ: ಪ್ಲಾಸ್ಮಾದಲ್ಲಿ ಮಿರ್-21 ಅಳೆಯುತ್ತಿದ್ದೇವೆ. ಹೋಲಿಸಿ ನೋಡಲು ಮಿರ್-16 ನಮ್ಮ ಆಧಾರ. ತಾಲ್ಲೂಕಿನ ಶಿಬಿರಗಳಿಂದ ಬಂದ ಆರೋಗ್ಯವಂತರ ಮಾದರಿ ಒಂದು ರೀತಿ, ಆಸ್ಪತ್ರೆಯಲ್ಲಿ ತೆಗೆದ ರೋಗಿಗಳ ಮಾದರಿ ಒಂದು ರೀತಿ. ಒಂದೇ ಮಾದರಿಯನ್ನು ಎರಡು ಸಲ ಮಾಡಿದರೂ ಪಿಸಿಆರಿನ ಸಿಟಿ ಮೌಲ್ಯ (ಸಂಕೇತ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ; ಕಡಿಮೆಯಿದ್ದಷ್ಟು ಆರ್‌ಎನ್‌ಎ ಹೆಚ್ಚು) ಕೂಡುವುದಿಲ್ಲ. ಎಲ್ಲಿ ತಪ್ಪುತ್ತಿದೆ?
– ಸಂಶೋಧನಾ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಯಂತ್ರವನ್ನು ಅನುಮಾನಿಸುವ ಮೊದಲು ಸೂಜಿಯಿಂದ ಫ್ರೀಜರಿನವರೆಗಿನ ದಾರಿ ನೋಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ: ಮಿರ್-16 ಕೆಂಪು ರಕ್ತಕಣಗಳಲ್ಲಿ ತುಂಬಿ ತುಳುಕುತ್ತದೆ. ಶಿಬಿರದ ಮಾದರಿಯಲ್ಲಿ ಒಂದಿಷ್ಟು ಕೆಂಪುಕಣ ಒಡೆದರೂ ಸಾಕು, ಮಿರ್-16 ಏರುತ್ತದೆ. ಅದನ್ನೇ ಆಧಾರವಾಗಿ ಹಿಡಿದರೆ ಅಲ್ಲಿಯ ಮಿರ್-21 ಸುಳ್ಳೇ ಕಡಿಮೆ ಕಾಣುತ್ತದೆ, ರೋಗಿಗಳದ್ದು ಸುಳ್ಳೇ ಹೆಚ್ಚು ಕಾಣುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಟ್ಯೂಬುಗಳು ಜೀಪಿನಲ್ಲಿ ಕುಲುಕಾಡುತ್ತ ಬಂದರೆ ನೀವು ಅಳೆಯುತ್ತಿರುವುದು ಕ್ಯಾನ್ಸರನ್ನಲ್ಲ, ರಸ್ತೆಯನ್ನು.

ರಕ್ತಕ್ಕೆ ಇಡಿಟಿಎ ಟ್ಯೂಬ್, ಅಂದರೆ ನೇರಳೆ ಮುಚ್ಚಳದ್ದು, ಬಳಸಿ. ಹೆಪಾರಿನ್ ಇರುವ ಹಸಿರು ಮುಚ್ಚಳದ್ದು ಕೂಡದು. ಹೆಪಾರಿನ್ ಆರ್‌ಎನ್‌ಎ ಜೊತೆಗೇ ಉಳಿದು ಮುಂದೆ ಪಿಸಿಆರ್ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಸೂಜಿ 21 ಗೇಜ್ ಇರಲಿ. ತೆಳು ಸೂಜಿಯಲ್ಲಿ ಸಿರಿಂಜ್ ಜಗ್ಗಿ ಎಳೆದರೆ, ಎಳೆದದ್ದನ್ನು ಟ್ಯೂಬಿಗೆ ರಭಸದಿಂದ ಚಿಮ್ಮಿಸಿದರೆ ಕಣ ಒಡೆಯುತ್ತವೆ. ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಅಲ್ಲಾಡಿಸಬೇಡಿ. ರಕ್ತವನ್ನು ಐಸಿನ ಮೇಲೆ ನೇರವಾಗಿ ಇಡಬೇಡಿ. ಎರಡು ಗಂಟೆಯೊಳಗೆ ಮೊದಲ ಸೆಂಟ್ರಿಫ್ಯೂಜ್ ಮುಗಿಸಿ: 2,000 ಜಿ, 10 ನಿಮಿಷ. ಆರ್‌ಪಿಎಂ (ನಿಮಿಷದ ಸುತ್ತು) ಅಲ್ಲ, ಜಿ (ಗುರುತ್ವದ ಎಷ್ಟು ಪಟ್ಟು ಬಲ). ರೋಟರ್ ಬದಲಾದರೆ ಅದೇ ಆರ್‌ಪಿಎಂ ಬೇರೆ ಜಿ ಕೊಡುತ್ತದೆ. ಮೇಲಿನ ಪ್ಲಾಸ್ಮಾ ತೆಗೆಯುವಾಗ ನಡುವಿನ ಬಿಳಿ ಪದರದ ಮೇಲೆ ಸುಮಾರು ಅರ್ಧ ಸೆಂಟಿಮೀಟರ್ ಬಿಟ್ಟುಬಿಡಿ. ತೆಗೆದದ್ದನ್ನು ಹೊಸ ಟ್ಯೂಬಿನಲ್ಲಿ 10,000 ಜಿಗಿಂತ ಮೇಲೆ ಇನ್ನೊಂದು 10 ನಿಮಿಷ ತಿರುಗಿಸಿ, ತಳದ ಚೂರನ್ನು ಮುಟ್ಟದೆ ಎತ್ತಿ. ಈ ಎರಡನೆಯ ಸುತ್ತನ್ನು ಬಿಡುವವರು ಬಹಳ. ಬಿಟ್ಟರೆ ಪ್ಲೇಟ್‌ಲೆಟ್‌ಗಳು ಪ್ಲಾಸ್ಮಾದಲ್ಲೇ ಉಳಿಯುತ್ತವೆ, ಫ್ರೀಜರಿನಲ್ಲಿ ಒಡೆಯುತ್ತವೆ, ಅವುಗಳಲ್ಲಿದ್ದ ಮಿರ್-21 ಹೊರಗೆ ಬರುತ್ತದೆ. ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ ಪ್ರಯೋಜನವಿಲ್ಲ. 250 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80ರಲ್ಲಿ ಇಡಿ. ಶಿಬಿರದಲ್ಲಿ ಸೆಂಟ್ರಿಫ್ಯೂಜ್ ಇಲ್ಲವೆಂದರೆ ಅಲ್ಲಿ ಮಾದರಿ ತೆಗೆಯುವುದೇ ಬೇಡ, ಜನರನ್ನು ಆಸ್ಪತ್ರೆಗೆ ಕರೆಸಿ, ರೋಗಿಗಳ ರಕ್ತ ತೆಗೆಯುವ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ತೆಗೆಯಿರಿ.

ಕಣ ಒಡೆದದ್ದು ಗೊತ್ತಾಗುವುದು ಹೇಗೆ? ಗುಲಾಬಿ ಬಣ್ಣ ಕಣ್ಣಿಗೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. 414 ನ್ಯಾನೋಮೀಟರಿನಲ್ಲಿ ಹೀರಿಕೆ ನೋಡಿ, 0.2 ದಾಟಿದರೆ ಆ ಮಾದರಿ ಬಿಟ್ಟುಬಿಡಿ. ಕೊಬ್ಬು ಹೆಚ್ಚಿರುವ ಪ್ಲಾಸ್ಮಾ ಇಲ್ಲಿ ಮೋಸ ಮಾಡುತ್ತದೆ. ಅದಕ್ಕೇ ಪಿಸಿಆರಿನಲ್ಲೂ ಒಂದು ತಾಳೆ ಇರಲಿ: ಮಿರ್-23ಎಯ ಸಿಟಿಯಿಂದ ಮಿರ್-451ಎಯ ಸಿಟಿ ಕಳೆಯಿರಿ. 5ಕ್ಕಿಂತ ಕಡಿಮೆ ಬಂದರೆ ಚೆನ್ನ. 7 ದಾಟಿದರೆ ಕೆಂಪುಕಣ ಒಡೆದಿವೆ.

ಈಗ ಒಂದೇ ಮಾದರಿಯಲ್ಲಿ ಎರಡು ಉತ್ತರ ಬರುವ ವಿಷಯ. ಮೂರು ಕಡೆ ನೋಡಿ. ಸಾಮಾನ್ಯ ಆರ್‌ಎನ್‌ಎ ಕಾಲಂಗಳು 200 ಅಕ್ಷರಕ್ಕಿಂತ ಉದ್ದದ್ದನ್ನು ಹಿಡಿಯಲು ಮಾಡಿದಂಥವು. 70 ಶೇಕಡಾ ಎಥನಾಲ್ ಹಾಕಿದರೆ 22 ಅಕ್ಷರದ್ದು ತೊಳೆದು ಮೋರಿಗೆ ಹೋಗುತ್ತದೆ. ಸಣ್ಣ ಆರ್‌ಎನ್‌ಎ ಉಳಿಸಿಕೊಳ್ಳುವ ಕಿಟ್ ಬೇಕು, ಅದರಲ್ಲಿ ನೀರಿನಂಥ ಮೇಲ್ಪದರಕ್ಕೆ ಒಂದೂವರೆ ಪಟ್ಟು ಶುದ್ಧ ಎಥನಾಲ್ ಸೇರಿಸುತ್ತಾರೆ. ಎರಡನೆಯದು, ಪ್ಲಾಸ್ಮಾದ ಆರ್‌ಎನ್‌ಎ ಎಷ್ಟು ಕಡಿಮೆಯೆಂದರೆ ಆರ್‌ಎನ್‌ಎ ಅಳೆಯುವ ನ್ಯಾನೋಡ್ರಾಪ್ ಯಂತ್ರ ತೋರಿಸುವ ಅಂಕಿಗೆ ಅರ್ಥವಿಲ್ಲ. ಆ ಅಂಕಿ ನಂಬಿ 10 ನ್ಯಾನೋಗ್ರಾಂ ಎಂದು ಲೆಕ್ಕ ಹಾಕಿ ಸುರಿದರೆ ಪ್ರತಿ ಸಲ ಬೇರೆ ಪ್ರಮಾಣ ಬೀಳುತ್ತದೆ. ಎಲ್ಲ ಮಾದರಿಯಲ್ಲೂ 200 ಮೈಕ್ರೋಲೀಟರ್ ಪ್ಲಾಸ್ಮಾ, ಒಂದೇ ಅಳತೆಯ ಎಲ್ಯೂಷನ್ (ಕಾಲಮ್ಮಿನಿಂದ ಆರ್‌ಎನ್‌ಎ ಬಿಡಿಸುವ ದ್ರಾವಣ), ಅದರಲ್ಲಿ ಒಂದೇ ಅಳತೆಯ ಆರ್‌ಎನ್‌ಎ ಬಳಸಿ. ಮೂರನೆಯದು, ಎಷ್ಟು ಕಳೆದುಹೋಯಿತೆಂದು ತಿಳಿಯಲು ಮನುಷ್ಯರಲ್ಲಿಲ್ಲದ, ಹುಳುವಿನ ಸೆಲ್-ಮಿರ್-39 ಸೇರಿಸುತ್ತೀರಲ್ಲ, ಅದನ್ನು ಪ್ಲಾಸ್ಮಾಕ್ಕೆ ನೇರವಾಗಿ ಹಾಕಿದರೆ ರಕ್ತದ ಆರ್‌ಎನ್‌ಏಸ್ ಕಿಣ್ವಗಳು ಕ್ಷಣದಲ್ಲಿ ತಿಂದುಹಾಕುತ್ತವೆ. ಸಹಜ ಮೈಕ್ರೋ ಆರ್‌ಎನ್‌ಎಗೆ ಆರ್ಗೊನಾಟ್‌ನ ಅಥವಾ ಕೋಶಗಳು ಹೊರಬಿಡುವ ಕಿರುಗುಳ್ಳೆಯ ರಕ್ಷಣೆ ಇರುತ್ತದೆ, ನೀವು ಹಾಕಿದ್ದಕ್ಕೆ ಇರುವುದಿಲ್ಲ. ಮೊದಲು ಲೈಸಿಸ್ ದ್ರಾವಣ ಬೆರೆಸಿ, ಐದು ನಿಮಿಷ ಬಿಟ್ಟು, ಆಮೇಲೆ ಹಾಕಿ.

ಆಧಾರಕ್ಕೆ ಮಿರ್-16 ಬಿಡಿ, ಯು-6 ಎಂಬ ಇನ್ನೊಂದು ಚಿಕ್ಕ ಆರ್‌ಎನ್‌ಎ ಕೂಡ ಪ್ಲಾಸ್ಮಾದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ನಿಮ್ಮದೇ ಹತ್ತಿಪ್ಪತ್ತು ಮಾದರಿಗಳಲ್ಲಿ ಹಲವನ್ನು ಅಳೆದು, ರೋಗಿ-ಆರೋಗ್ಯವಂತರ ನಡುವೆ ಅಲುಗಾಡದ ಎರಡು ಮೂರನ್ನು ಆರಿಸಿ ಅವುಗಳ ಸರಾಸರಿ ಹಿಡಿಯಿರಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು, ನೀರು ಮಾತ್ರ ಹಾಕಿದ ಒಂದು ಬಾವಿ ಪ್ರತಿ ಪ್ಲೇಟಿನಲ್ಲೂ ಇರಲಿ. ಸಿಟಿ 35 ದಾಟಿದ ಅಂಕಿಗಳ ಮೇಲೆ ಪ್ರಬಂಧ ಕಟ್ಟಬೇಡಿ. ಒಂದು ಸಿಟಿ ವ್ಯತ್ಯಾಸವೆಂದರೆ ಎರಡು ಪಟ್ಟು, ಮೂರೆಂದರೆ ಎಂಟು ಪಟ್ಟು. ಮರುಮಾಪನದಲ್ಲೇ ಒಂದು ಸಿಟಿ ಅಲುಗಾಡುವಾಗ ಎರಡು ಪಟ್ಟು ಏರಿದೆ ಎಂದು ಬರೆಯಲು ಬರುವುದಿಲ್ಲ.

ಗಡ್ಡೆಯ ಮೇಣದ ಬ್ಲಾಕ್‌ಗಳು ನಿಮ್ಮ ಕೈಗೆ ಸಿಗುವಂತಿದ್ದರೆ ಅಲ್ಲಿಂದ ಶುರು ಮಾಡುವುದು ಲೇಸು. ಫಾರ್ಮಲಿನ್ನಿನಲ್ಲಿ ಉದ್ದ ಎಂ-ಆರ್‌ಎನ್‌ಎ ಚೂರುಚೂರಾಗುತ್ತದೆ, ಮೈಕ್ರೋ ಆರ್‌ಎನ್‌ಎ ಮೊದಲೇ ಚಿಕ್ಕದು, ವರ್ಷಗಟ್ಟಲೆ ಉಳಿಯುತ್ತದೆ.

ಪ್ರಶ್ನೆ: ಅರಿಶಿನ, ಜೋಳದ ರೊಟ್ಟಿ, ಲಿಂಬೆ ಇವುಗಳ ಮೈಕ್ರೋ ಆರ್‌ಎನ್‌ಎ ಕ್ಯಾನ್ಸರ್ ಜೀನನ್ನು ಮುಚ್ಚುತ್ತದೆ ಎಂಬ ಸಂದೇಶ ಬರುತ್ತಿದೆ. ನಿಜವೇ?
– ಇಂಡಿ

ಉತ್ತರ: ಅಕ್ಕಿಯ ಮೈಕ್ರೋ ಆರ್‌ಎನ್‌ಎಯೊಂದು ತಿಂದವರ ರಕ್ತದಲ್ಲಿ ಸಿಗುತ್ತದೆ, ಇಲಿಯ ಯಕೃತ್ತಿನಲ್ಲಿ ಕೆಲಸವನ್ನೂ ಮಾಡುತ್ತದೆ ಎಂಬ ವರದಿ 2012ರ ಹೊತ್ತಿಗೆ ಬಂದಿತ್ತು. ಬೇರೆ ತಂಡಗಳು ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಕೆಲವು ಕಡೆ ಕಂಡ ಸಸ್ಯದ ಆರ್‌ಎನ್‌ಎ ಪ್ರಯೋಗಾಲಯದ ಕಲಬೆರಕೆ ಎಂದು ತಿಳಿಯಿತು. ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯ ಕೋಶಗಳಲ್ಲಿ ಮಿರ್-21 ಇಳಿಸುವುದು ನಿಜ, ಆದರೆ ತಟ್ಟೆಯಲ್ಲಿ ಹಾಕಿದ ಪ್ರಮಾಣ ತಿಂದ ಅರಿಶಿನದಿಂದ ರಕ್ತದಲ್ಲಿ ಸೇರುವುದೇ ಇಲ್ಲ. ರೊಟ್ಟಿ, ಲಿಂಬೆ ಊಟಕ್ಕೆ ಇರಲಿ. ಕಿಮೋಥೆರಪಿ ನಡೆಯುವಾಗ ಕರ್ಕ್ಯುಮಿನ್ ಕ್ಯಾಪ್ಸೂಲ್ ಮಾತ್ರ ವೈದ್ಯರಿಗೆ ಹೇಳದೆ ನುಂಗಬೇಡಿ, ಕೆಲವು ಔಷಧಗಳನ್ನು ಯಕೃತ್ತು ಅರಗಿಸುವ ಬಗೆಯನ್ನು ಅದು ಬದಲಿಸಬಲ್ಲದು.

ಪ್ರಶ್ನೆ: ಕಡಿಮೆಯಾದ ಮೈಕ್ರೋ ಆರ್‌ಎನ್‌ಎಯನ್ನು ಇಂಜೆಕ್ಷನ್‌ನಲ್ಲಿ ಕೊಟ್ಟರೆ ಆಗದೇ? ಔಷಧ ಏಕೆ ಬಂದಿಲ್ಲ?
– ಔಷಧ ಅಂಗಡಿಯವರು, ಅಥಣಿ

ಉತ್ತರ: ಕೊಟ್ಟು ನೋಡಿದ್ದಾರೆ. ಮಿರ್-34ಎಯನ್ನು ಲೈಪೋಸೋಮ್ ಎಂಬ ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿದ ಎಂಆರ್‌ಎಕ್ಸ್-34 ಎಂಬ ಔಷಧದ ಮೊದಲ ಹಂತದ ಪರೀಕ್ಷೆ 2013ರಲ್ಲಿ ಶುರುವಾಯಿತು. ಕೆಲವು ರೋಗಿಗಳಲ್ಲಿ ಗಡ್ಡೆ ಕುಗ್ಗಿತು. ಆದರೆ ರೋಗನಿರೋಧಕ ವ್ಯವಸ್ಥೆ ಕೆರಳಿ ತೀವ್ರ ತೊಂದರೆಗಳಾದವು, ಸಾವುಗಳೂ ಆದವು, 2016ರಲ್ಲಿ ನಿಲ್ಲಿಸಿದರು. ಮಿರ್-16ರಂಥದ್ದನ್ನು ಬ್ಯಾಕ್ಟೀರಿಯಾದಿಂದ ಮಾಡಿದ ಕಿರುಚೀಲಗಳಲ್ಲಿ ತುಂಬಿ ಮೀಸೋಥೀಲಿಯೋಮ (ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್) ರೋಗಿಗಳಿಗೆ ಕೊಟ್ಟ ಮೊದಲ ಹಂತದ ಫಲಿತಾಂಶ 2017ರಲ್ಲಿ ಬಂತು. ಹೆಚ್ಚಾದದ್ದನ್ನು ತಡೆಯುವ ದಾರಿಯಲ್ಲಿ ಮಿರ್-155ರ ವಿರುದ್ಧದ ಕೊಬೊಮಾರ್ಸೆನ್ ಚರ್ಮದ ಲಿಂಫೋಮಾದಲ್ಲಿ ಎರಡನೆಯ ಹಂತದವರೆಗೆ ಬಂದು ನಿಂತಿತು. ಕ್ಯಾನ್ಸರಿಗೆ ಮಂಜೂರಾದ ಮೈಕ್ರೋ ಆರ್‌ಎನ್‌ಎ ಔಷಧ ಒಂದೂ ಇಲ್ಲ.

ತೊಡಕು ಮುಖ್ಯವಾಗಿ ಎರಡು. ನರಕ್ಕೆ ಕೊಟ್ಟ ಲೈಪೋಸೋಮ್ ಬಹುಪಾಲು ಯಕೃತ್ತಿಗೆ ಹೋಗುತ್ತದೆ. ಶ್ವಾಸಕೋಶದ, ಬಾಯಿಯ ಗಡ್ಡೆಗೆ ಸಾಕಷ್ಟು ತಲುಪಿಸುವುದು ಕಷ್ಟ. ಇನ್ನೊಂದು, ಮೈಕ್ರೋ ಆರ್‌ಎನ್‌ಎಯ ಗುಣವೇ ಇಲ್ಲಿ ದೋಷ. ನೂರಾರು ಗುರಿಗಳನ್ನು ಒಟ್ಟಿಗೆ ಅಲುಗಿಸುತ್ತದೆ, ಗಡ್ಡೆಯಲ್ಲಷ್ಟೇ ಅಲ್ಲ, ಬಿಳಿ ರಕ್ತಕಣಗಳಲ್ಲೂ. ಇದರ ಹತ್ತಿರದ ನೆಂಟ ಎಸ್‌ಐ-ಆರ್‌ಎನ್‌ಎ ಒಂದೇ ಗುರಿಗೆ ಹೊಂದುವಂತೆ ಮಾಡಿದ್ದು. 2018ರಲ್ಲಿ ಮಂಜೂರಾದ ಪ್ಯಾಟಿಸಿರಾನ್ ಅಂಥದ್ದು. ಅದೂ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನಿನ ವಿರುದ್ಧ, ಕ್ಯಾನ್ಸರಿಗಲ್ಲ. ಅಂಗಡಿಗೆ ಯಾರಾದರೂ ಮೈಕ್ರೋ ಆರ್‌ಎನ್‌ಎ ಟಾನಿಕ್, ಪುಡಿ ಎಂದು ತಂದರೆ ವಾಪಸ್ ಕಳಿಸಿ.

ಪ್ರಶ್ನೆ: ಮೈಕ್ರೋ ಆರ್‌ಎನ್‌ಎ ದೋಷ ವಂಶದಲ್ಲಿ ಬರುವುದೇ ಇಲ್ಲವೇ?
– ಶುಶ್ರೂಷಕಿ, ಇಳಕಲ್

ಉತ್ತರ: ಅಪರೂಪಕ್ಕೆ ಬರುತ್ತದೆ. ಮೇಲೆ ಹೇಳಿದ ಡೈಸರ್ ಕಿಣ್ವದ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುವ ಕುಟುಂಬಗಳಿವೆ. ಎಳೆಯ ಮಕ್ಕಳಲ್ಲಿ ಬರುವ ಪ್ಲೂರೋಪಲ್ಮನರಿ ಬ್ಲಾಸ್ಟೋಮ ಎಂಬ ಶ್ವಾಸಕೋಶದ ಗಡ್ಡೆಗೆ ಇದು ಕಾರಣವೆಂದು 2009ರಲ್ಲಿ ತಿಳಿಯಿತು. ಅದೇ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಲವು ಗಂಟುಗಳ ಥೈರಾಯ್ಡ್ ಊತ, ಹುಡುಗಿಯರಲ್ಲಿ ಅಂಡಾಶಯದ ಸರ್ಟೋಲಿ-ಲೈಡಿಗ್ ಗಡ್ಡೆ, ಮೂತ್ರಪಿಂಡದಲ್ಲಿ ನೀರುಗುಳ್ಳೆ ಕಾಣಬಹುದು. ದೋಷ ಇದ್ದವರಲ್ಲಿ ಹಲವರಿಗೆ ಏನೂ ಆಗುವುದಿಲ್ಲ. ನಿಮ್ಮ ವಾರ್ಡಿಗೆ ಬಂದ ಮಗುವಿನ ಶ್ವಾಸಕೋಶದಲ್ಲಿ ಗಾಳಿಗುಳ್ಳೆಯಂಥದ್ದು ಇದೆ, ಅಕ್ಕನಿಗೋ ತಾಯಿಗೋ ಎಳೆವಯಸ್ಸಿನಲ್ಲೇ ಥೈರಾಯ್ಡ್ ಗಂಟು ತೆಗೆದಿದ್ದಾರೆ ಎಂದು ಕೇಸ್ ಶೀಟ್ ಬರೆಯುವಾಗ ಗೊತ್ತಾದರೆ, ಆ ಎರಡೂ ಸಾಲನ್ನು ಒಟ್ಟಿಗೆ ಬರೆದು ಮಕ್ಕಳ ವೈದ್ಯರಿಗೆ ತೋರಿಸಿ. ಆಗ ನೋಡುವುದು ಮೈಕ್ರೋ ಆರ್‌ಎನ್‌ಎ ಪ್ರಮಾಣವನ್ನಲ್ಲ, ರಕ್ತದ ಡಿಎನ್‌ಎಯಲ್ಲಿ ಡೈಸರ್ ಜೀನಿನ ಅನುಕ್ರಮವನ್ನು. ದೋಷ ಸಿಕ್ಕರೆ ಒಡಹುಟ್ಟಿದವರಿಗೂ ಪರೀಕ್ಷೆ, ಅವರಲ್ಲಿ ಚಿಕ್ಕವರಿಗೆ ಎದೆಯ ಚಿತ್ರಣ ಬೇಕಾಗುತ್ತದೆ.